ಪೇಟಿಯ ಕಾಲ್ಗುಣ

ಕಾಲೇ ಇಲ್ಲದ ಪೇಟಿಗೆ ಕಾಲ್ಗುಣ ಎಲ್ಲಿಂದ ಬರಬೇಕು? ಆದರೆ ತಿಕೋಟಾದ ನಮ್ಮ ಓಣಿಯಲ್ಲಿ ಹಾಗೆ ಕೇಳುವ ಎದೆ ಯಾರಿಗೂ ಇರಲಿಲ್ಲ. ನಮ್ಮ ಮನೆಯ ಹಾರ್ಮೋನಿಯಂ ಯಾರ ಮನೆಯೊಳಗೆ ಹೋಗುತ್ತದೋ ಆ ಮನೆಯ ಹುಡುಗಿಯ ಮದುವೆ ಆದಂತೆಯೇ ಎಂದು ಹೆಂಗಸರೆಲ್ಲ ಗಟ್ಟಿಯಾಗಿ ನಂಬಿದ್ದರು. ಹಾರ್ಮೋನಿಯಂ ಅಂತ ಯಾರೂ ಅನ್ನುತ್ತಿರಲಿಲ್ಲ, ಪೇಟಿ ಅನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತೇನೆ.

ಅಪ್ಪ ಅದನ್ನು ಕೊಂಡದ್ದು ವಿಜಾಪುರದಲ್ಲಿ ಮುಳುಗಿಹೋದ ಒಂದು ನಾಟಕ ಕಂಪನಿಯವರಿಂದ. ಅವನಿಗೆ ಸಣ್ಣದೊಂದು ಬಟ್ಟೆ ಅಂಗಡಿ ಇತ್ತು, ದೊಡ್ಡದೊಂದು ಭಜನೆಯ ಹುಚ್ಚು ಇತ್ತು. ಗಂಡುಮಗ ಇದ್ದಿದ್ದರೆ ಅವನಿಗೆ ಕಲಿಸುತ್ತಿದ್ದನೋ ಏನೋ, ಇದ್ದವಳು ನಾನೊಬ್ಬಳೇ. ಸಂಜೆ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದುಕೊಂಡು, ನನ್ನನ್ನು ಎದುರಿಗೆ ಕೂರಿಸಿಕೊಂಡು ಬೆರಳು ಹಿಡಿದು ಕಲಿಸಿದ. ಪೇಟಿಯ ಒಂದು ಸುರ ಕೆಮ್ಮುತ್ತಿತ್ತು. ಮೆಲ್ಲಗೆ ಒತ್ತಿದರೆ ಹಾಡುತ್ತಿತ್ತು, ಜೋರಾಗಿ ಒತ್ತಿದರೆ ಗೊರಗೊರ ಅನ್ನುತ್ತಿತ್ತು. "ಮುದುಕಿ ಇದ್ದಂಗ ಐತಿ, ಮೆತ್ತಗ ಮಾತಾಡಿಸಬೇಕು" ಅನ್ನುತ್ತಿದ್ದ ಅಪ್ಪ.

ಆ ಕಾಲಕ್ಕೆ ನಮ್ಮ ಕಡೆ ಹೆಣ್ಣು ನೋಡಲು ಬಂದವರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ ಮೇಲೆ ಒಂದು ಹಾಡು ಅನ್ನಿಸುವುದು ಶುರುವಾಗಿತ್ತು. ಸೊಲ್ಲಾಪುರದ ಕಡೆಯ ದೊಡ್ಡ ಮನೆತನಗಳಿಂದ ಬಂದ ಚಾಳಿ. ಓಣಿಯ ಹುಡುಗಿಯರಿಗೆ ಪೇಟಿ ಎಲ್ಲಿಂದ ಬರಬೇಕು? ನಮ್ಮದನ್ನೇ ಹೊತ್ತೊಯ್ಯುತ್ತಿದ್ದರು. ನಾನು ಹಿಂದಿನಿಂದ ಹೋಗಿ ಒಂದೇ ಒಂದು ಹಾಡನ್ನು ಅವರ ಬೆರಳಿಗೆ ಕಲಿಸಿ ಬರುತ್ತಿದ್ದೆ. ಯಾವ ಪಟ್ಟಿ ಒತ್ತಬೇಕೋ ಅದರ ಮೇಲೆ ಕುಂಕುಮದ ಬೊಟ್ಟು ಇಟ್ಟಿರುತ್ತಿದ್ದೆ. ಬೀಗರು ಇನ್ನೊಂದು ಹಾಡು ಕೇಳಿದರೆ "ಗಂಟಲಾ ಕಟ್ಟೈತ್ರಿ" ಅನ್ನಬೇಕು ಎಂಬುದೂ ಪಾಠದಲ್ಲೇ ಸೇರಿತ್ತು. ನಮ್ಮ ಓಣಿಯಷ್ಟು ಗಂಟಲು ಕಟ್ಟಿದ ಹುಡುಗಿಯರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಒಮ್ಮೆ ಒಬ್ಬ ಹುಡುಗಿಯ ಅಜ್ಜಿ, ಬೀಗರು ಬರುವ ಮೊದಲು ಪೇಟಿಗೆ ಪೂಜೆ ಮಾಡಲು ಹೋದಳು. ಕೆಲವೇ ಪಟ್ಟಿಗಳಿಗೆ ಕುಂಕುಮ ಇರುವುದನ್ನು ಕಂಡು, ಉಳಿದವು ಏನು ಪಾಪ ಮಾಡಿದ್ದವು ಎಂದು ಎಲ್ಲಕ್ಕೂ ಒಂದೊಂದು ಬೊಟ್ಟು ಇಟ್ಟುಬಿಟ್ಟಳು. ಹುಡುಗಿ ಬಂದು ಕೂತಳು, ಪೇಟಿ ನೋಡಿದಳು, ಹೋ ಎಂದು ಅತ್ತಳು. "ಎಷ್ಟ ನಾಚಿಕಿ ಐತ್ರಿ ಹುಡುಗಿಗೆ!" ಎಂದು ಬೀಗರು ಕೂತಲ್ಲೇ ಒಪ್ಪಿಕೊಂಡರು. ಕಾಲ್ಗುಣದ ಮಾತು ಬಲವಾದದ್ದು ಅಂದಿನಿಂದ. ಬಾರಿಸಿದರೂ ಮದುವೆ, ಬಾರಿಸದಿದ್ದರೂ ಮದುವೆ; ಇನ್ನೇನು ಬೇಕು?

ನನ್ನನ್ನೂ ಅದೇ ಪೇಟಿಯ ಮುಂದೆ ಕೂರಿಸಿ ತೋರಿಸಿದರು. ಬಬಲೇಶ್ವರದವರು, ಹೊಲಮನೆ ಚೆನ್ನಾಗಿದ್ದ ಜನ. ನಾನು ಗಂಟಲು ಕಟ್ಟಿಸಿಕೊಳ್ಳದೆ ಅವರು ಸಾಕು ಅನ್ನುವ ತನಕ ಹಾಡಿದೆ. ಅತ್ತೆಯಾಗುವವಳು ಕಣ್ಣು ಮುಚ್ಚಿ ತಲೆದೂಗಿದಳು. ಮದುವೆಯಾಗಿ ಹೋದ ಮೇಲೆ ಅದೇ ಅತ್ತೆ, ಬೀಸುಕಲ್ಲಿನ ಮುಂದೆ ನಾನು ಗುನುಗಿದರೂ "ಏನ್ ಬೇ ಇದು, ನಾಟಕದಾಕಿ ಇದ್ದಂಗ?" ಅನ್ನುತ್ತಿದ್ದಳು. ಪೇಟಿ ತವರಿನಲ್ಲೇ ಉಳಿಯಿತು. ಹೆಣ್ಣು ನೋಡುವ ದಿನ ಹಾಡು ಬೇಕು, ಮರುದಿನದಿಂದ ಬಾಯಿಗೆ ಬೀಗ. ಇದು ಎಂಥ ನ್ಯಾಯ ಎಂದು ನನಗೆ ಇಂದಿಗೂ ತಿಳಿದಿಲ್ಲ.

ನನಗೆ ಮಕ್ಕಳಾಗಲಿಲ್ಲ. ಕೆಲವು ವರ್ಷ ಕಾದು ಗಂಡನಿಗೆ ಇನ್ನೊಂದು ಮದುವೆ ಮಾಡಿದರು. ಆ ಮದುವೆಯ ಶಾವಿಗೆಯನ್ನೂ ನನ್ನ ಕೈಯಿಂದಲೇ ಹೊಸೆಸಿದರು. ಹೊಸೆದು ಕೊಟ್ಟೆ. ಹಂದರ ಬಿಚ್ಚುವ ಮೊದಲೇ ತಿಕೋಟಾದ ಕಡೆಗೆ ಹೊರಟ ಒಂದು ಗಾಡಿ ಹತ್ತಿ ಬಂದುಬಿಟ್ಟೆ. ದಾರಿಯುದ್ದಕ್ಕೂ ಅಳು ಬರಲಿಲ್ಲ, ಬರೀ ಸಿಟ್ಟು.

ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಅಂಗಡಿಯನ್ನು ಅವನ ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ಮೂಲೆಯಲ್ಲಿ ಪೇಟಿ. ಕಳ್ಳಕವಟಗಿಯ ಸೋದರಮಾವ ಸುಗ್ಗಿ ಆದ ಮೇಲೆ ಗಾಡಿಯಲ್ಲಿ ಜೋಳ ಹಾಕಿ ಕಳಿಸುತ್ತಿದ್ದ, ಅದರ ಮೇಲೆ ವರ್ಷ ಕಳೆಯುತ್ತಿತ್ತು. ಗಂಡನ ಮನೆ ಬಿಟ್ಟು ಬಂದವಳು ಹಾಡುತ್ತಾಳೆ ಎಂದು ಓಣಿ ಆಡಿಕೊಳ್ಳಬಾರದೆಂದು ಅವ್ವ ಪೇಟಿ ಮುಟ್ಟಗೊಡುತ್ತಿರಲಿಲ್ಲ. ಮಧ್ಯಾಹ್ನ ಅವಳು ಅಡ್ಡಾದಾಗ ನಾನು ಅರಿವೆ ಸರಿಸಿ, ತಿದಿ ಎಳೆಯದೆ, ಗಾಳಿ ಇಲ್ಲದ ಪಟ್ಟಿಗಳ ಮೇಲೆ ಬೆರಳಾಡಿಸುತ್ತಿದ್ದೆ. ಟಕಟಕ ಅನ್ನುವ ಕಟ್ಟಿಗೆಯ ಸದ್ದಷ್ಟೇ ಬರುತ್ತಿತ್ತು. ಹಾಡು ನನಗೆ ಕೇಳಿಸುತ್ತಿತ್ತು.

ಒಂದು ದಿನ ಮಾವ ಬಂದು ನೀರು ಕುಡಿದು ಮಾತು ತೆಗೆದ. ಅವ್ವನಿಗೆ ಹೇಳಿದ: "ತಂಗಿ, ನಾ ಇರೂತನಕಾ ಜ್ವಾಳಾ ಕಳಸ್ತೇನಿ. ನನ್ನ ಹಿಂದ ನನ್ನ ಹುಡುಗೂರು ಕಳಸ್ತಾರಂತ ಮಾತು ಕೊಡಾಕ ಆಗಂಗಿಲ್ಲ. ಈಕಿ ಕೈಗೆ ಒಂದು ಕೆಲಸ ಹಚ್ಚೂಣು."

ವಿಜಾಪುರದಲ್ಲಿ ಮಾವನ ಅಂಗಿ ಹೊಲಿಯುವ ದರ್ಜಿಯೊಬ್ಬನಿದ್ದ. ಅವನಿಗೆ ಕಾಲಿನಿಂದ ತುಳಿಯುವ ಮಿಷನ್ ಸಿಕ್ಕಿತ್ತು, ಹಳೆಯ ಕೈಮಿಷನ್ ಮನೆಯಲ್ಲಿತ್ತು. ಮದುವೆಗೆ ಬಂದ ಮಗಳಿದ್ದಳು, ನೋಡಿ ಹೋದವರು ತಿರುಗಿ ಬಂದಿರಲಿಲ್ಲ. ನಮ್ಮ ಪೇಟಿಯ ಸುದ್ದಿ ಅವನ ಕಿವಿಗೂ ಬಿದ್ದು, ಪೇಟಿ ಕೊಟ್ಟು ಮಿಷನ್ ಒಯ್ಯಿರಿ ಎಂದು ಹೇಳಿ ಕಳಿಸಿದ್ದ. ಯುದ್ಧದ ಕಾಲ, ಹೊಸ ಮಿಷನ್ ಬಂಗಾರ ಕೊಟ್ಟರೂ ಸಿಗುತ್ತಿರಲಿಲ್ಲ. ಪೇಟಿಯನ್ನು ಮಾರಿಯೇ ಬಿಡಬಹುದಿತ್ತು, ಕೇಳುವವರೂ ಇದ್ದರು. ಮಾವ ಬೇಡ ಅಂದ. "ರೊಕ್ಕ ಉಪ್ಪು ಇದ್ದಂಗ, ನೋಡನೋಡ್ತ ಕರಗತೈತಿ. ಮಿಷನ್ ಕರಗೂದಿಲ್ಲ."

"ತನ್ನ ಮನಿಗೆ ಹೊಳ್ಳಿ ಹೋಗಾಕಿಗೆ ಮಿಷನ್ ಯಾಕ ಬೇಕಣ್ಣಾ?" ಎಂದಳು ಅವ್ವ.

ಅವಳ ಆಸೆ ಅದೊಂದೇ. ಬಬಲೇಶ್ವರದವರು ಒಂದಲ್ಲ ಒಂದು ದಿನ ನನ್ನನ್ನು ಕರೆಯಲು ಬರುತ್ತಾರೆ ಎಂದು ಅವಳು ಕಾಯುತ್ತಿದ್ದಳು. ನಾನು ಕಾಯುತ್ತಿರಲಿಲ್ಲ. ಪೇಟಿ ಬಿಡಲು ಹೊಟ್ಟೆ ಉರಿಯಿತು ನಿಜ, ಅದರ ಮೇಲೆ ಅಪ್ಪನ ಬೆರಳು ಆಡಿದ್ದವು. ಆದರೆ ಇನ್ನೊಬ್ಬರ ಜೋಳ ಉಣ್ಣುವುದು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಆಗಲಿ, ಹೋಗೋಣ ಅಂದೆ.

ಹೊರಡುವ ಮೊದಲೇ ನಮ್ಮ ಬಾಗಿಲಿಗೆ ಗಾಡಿಯೊಂದು ಬಂದು ನಿಂತಿತು. ಇಳಿದವಳು ಬಬಲೇಶ್ವರದ ನನ್ನ ಅತ್ತೆ! ಅವ್ವನ ಕಾಲು ನೆಲಕ್ಕೆ ಹತ್ತಲಿಲ್ಲ. ಪಕ್ಕದ ಮನೆಯಿಂದ ತುಪ್ಪ ಕಡ ತಂದಳು, ಸಜ್ಜಕ ಮಾಡಿದಳು, ನನ್ನನ್ನು ಒಳಗೆ ಎಳೆದು "ಛೊಲೊ ಸೀರಿ ಉಟ್ಕೋ ಬೇ, ಮಾರಿ ಗಂಟ ಹಾಕ್ಬ್ಯಾಡ" ಎಂದು ತಲೆ ಬಾಚಿದಳು. ಸುಳ್ಳು ಯಾಕೆ ಹೇಳಲಿ, ಎಷ್ಟು ಸಿಟ್ಟಿದ್ದರೂ ಆ ಒಂದು ಗಳಿಗೆ ನನಗೂ ಆಸೆಯಾಯಿತು.

ಅತ್ತೆ ಸಜ್ಜಕ ಉಂಡು, ಕೈ ತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ಬೀಗತೇರ, ನಿಮ್ಮ ಮನ್ಯಾಗ ಒಂದು ಪೇಟಿ ಇತ್ತಲ್ರೀ, ಐತೇನು?" ಎಂದಳು.

ಅವಳ ಕಿರಿಯ ಮಗಳು, ನನ್ನ ನಾದಿನಿ, ಮದುವೆಗೆ ಬಂದಿದ್ದಳು. ನೋಡಲು ಬಂದವರು ಹುಡುಗಿಗೆ ಹಾಡಲು ಬರುವುದಿಲ್ಲ ಎಂದು ಎದ್ದು ಹೋಗಿದ್ದರು. "ಆ ಪೇಟಿ ಮುಂದ ಕುಂತಾಕಿ ಒಬ್ಬಾಕೀನೂ ತವರಾಗ ಉಳದಿಲ್ಲಂತಲ್ರೀ" ಎಂದಳು ಅತ್ತೆ.

ನಾನು ಬಾಗಿಲ ಮರೆಯಿಂದ ಹೊರಗೆ ಬಂದೆ. "ಒಬ್ಬಾಕಿ ಉಳದಾಳ್ರಿ ಅತ್ತಿ. ನಿಮ್ಮ ಮುಂದ ನಿಂತಾಳ ನೋಡ್ರಿ."

ಅವಳು ಅಲುಗಾಡಲಿಲ್ಲ. "ನಿನ್ನ ಯಾರು ಹೋಗಂದಿದ್ರು? ನೀನ ಬಂದಿ" ಎಂದು ನನಗೆ ಹೇಳಿ, ಅವ್ವನ ಕಡೆ ತಿರುಗಿದಳು. "ಪೇಟಿ ಜೋಡಿ ಆಕೀನೂ ಬರ್ಲಿ. ಹುಡುಗಿಗೆ ನಾಕು ಹಾಡು ಕಲಸ್ಲಿ. ಮುಂದ ಹೊಂದ್ಕೊಂಡು ಇದ್ರ ಇರ್ಲಿ, ಯಾರು ಬ್ಯಾಡಂತಾರ? ಅಮಾಸಿ ಆದಮ್ಯಾಲ ಗಾಡಿ ತರ್ತೇನಿ."

ಗಾಡಿ ಹೋದ ಮೇಲೆ ನಮ್ಮಿಬ್ಬರ ಜಗಳ ಶುರುವಾಯಿತು. "ಹಾಡಾಕ ಬ್ಯಾಡಾಗಿದ್ದಾಕಿ ಕಲಸಾಕ ಬೇಕಾದ್ಲೇನು? ಆಳಾಗಿ ಹೋಗ್ಲೇನು ನಾನು?" ಎಂದು ನಾನು ಕೂಗಾಡಿದೆ. ಅವ್ವ ತಿರುಗಿ ಕೂಗಲಿಲ್ಲ. ಕಂಬಕ್ಕೆ ಒರಗಿ ಕೂತು ಹೇಳಿದಳು: "ನಾ ಸತ್ತ ದಿನಾ ಈ ಮನಿ ಬಾಗಿಲಾ ಯಾರು ತೆಗೀತಾರ ಯವ್ವಾ? ನಿನ್ನ ಯಾರು ನೋಡ್ತಾರ? ಮಿಷನ್ ನೋಡ್ತೈತೇನು?"

ಪೇಟಿ ಹೇಗಿದ್ದರೂ ಮನೆ ಬಿಡುವುದೇ. ವಿಜಾಪುರಕ್ಕೆ ಹೋದರೆ ನನ್ನ ಅನ್ನ ನನಗೆ, ಬಬಲೇಶ್ವರಕ್ಕೆ ಹೋದರೆ ಅವ್ವನಿಗೆ ನೆಮ್ಮದಿ. ಒಂದಿಷ್ಟು ದಿನ ಊಟ ಮೈಗೆ ಹತ್ತಲಿಲ್ಲ. ಕೊನೆಗೆ ಅಮಾವಾಸ್ಯೆಗೆ ಮೊದಲೇ ಮಾವನನ್ನು ಕರೆಸಿ, ಪೇಟಿಗೆ ಗೋಣಿತಟ್ಟು ಸುತ್ತಿ ವಿಜಾಪುರಕ್ಕೆ ಹೊರಟೆ. ಅವ್ವ ಬಾಗಿಲಿಗೂ ಬರಲಿಲ್ಲ.

ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಮೋಟಾರು ಅದು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ನೂಕುತ್ತಿದ್ದರು. ಮಾವ ಇಳಿದಾಗ ನಾನು ಪೇಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ. ಕುಲುಕಾಟಕ್ಕೆ ತಿದಿ ತಾನೇ ತೆರೆದು ಮುಚ್ಚಿ, ಒಳಗಿನಿಂದ ಒಂದು ಸುರ ಉಸಿರು ಬಿಡುತ್ತಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ದರ್ಜಿಯ ಮನೆ ಸೊಲ್ಲಾಪುರ ರಸ್ತೆಯ ಒಂದು ಓಣಿಯಲ್ಲಿತ್ತು; ಮುಂದೆ ಅಂಗಡಿ, ಹಿಂದೆ ಸಂಸಾರ. ದರ್ಜಿಯೂ ಅವನ ಹೆಂಡತಿಯೂ ಒಳ್ಳೆಯ ಜನ. "ಬರ್ರಿ ಬರ್ರಿ" ಎಂದು ಚಾಪೆ ಹಾಸಿ, ಪೇಟಿಗೆ ಮೊದಲು ಅರಿಶಿನ ಕುಂಕುಮ ಏರಿಸಿ, ಆಮೇಲೆ ನಮಗೆ ಚಹಾ ಕೊಟ್ಟರು. ಒಳಗೆ ಕಿಟಕಿಯ ಬೆಳಕಿಗೆ ಅವರ ಮಗಳು ಕೈಮಿಷನ್ ಮುಂದೆ ಕೂತು ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿಯುತ್ತಿದ್ದಳು. ಒಂದು ಕೈ ಹಿಡಿಕೆ ತಿರುಗಿಸುತ್ತಿತ್ತು, ಇನ್ನೊಂದು ಕೈ ಬಟ್ಟೆಯನ್ನು ಮೆಲ್ಲಗೆ ದೂಡುತ್ತಿತ್ತು. ಪಕ್ಕದಲ್ಲಿ ಹೊಲಿದು ಮುಗಿಸಿದ ಕುಂಚಿಗೆಗಳು ಮಡಿಸಿಟ್ಟಿದ್ದವು. ಓಣಿಯ ಬಾಣಂತಿಯರೆಲ್ಲ ಅವಳಿಂದಲೇ ಹೊಲಿಸುತ್ತಾರೆ ಎಂದು ತಾಯಿ ಹೇಳಿದಳು, ಅದೊಂದು ದೊಡ್ಡ ಮಾತೇ ಅಲ್ಲ ಅನ್ನುವ ಹಾಗೆ.

"ಏಳವಾ, ಮಿಷನ್ ಬಿಡು. ಊರಿಂದ ಬಂದಾರ" ಎಂದ ದರ್ಜಿ.

ಹುಡುಗಿ ತಕ್ಷಣ ಏಳಲಿಲ್ಲ. ಹಿಡಿದ ಹೊಲಿಗೆ ಮುಗಿಸಿದಳು, ದಾರ ಕತ್ತರಿಸಿದಳು. ಸೆರಗಿನಿಂದ ಮಿಷನ್ ಒರೆಸಿ, ಬೇಕಾದಲ್ಲಿ ಎಣ್ಣೆ ಬಿಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಹಿಂದಕ್ಕ ತಿರುವಬ್ಯಾಡ್ರಿ, ದಾರ ಹರೀತೈತಿ. ದಪ್ಪ ಅರಿವಿ ಬಂದ್ರ ಸಾವಕಾಶ ಹೊಡೀರಿ. ಜೋರ ಮಾಡಿದ್ರ ಮುನಸ್ಕೊಂತೈತಿ."

ನನ್ನ ಬಾಯಲ್ಲೂ ಅದೇ ಮಾತಿತ್ತು. ಆ ಕೆಮ್ಮುವ ಸುರದ ಬಗ್ಗೆ ಅವಳಿಗೆ ಹೇಳಬೇಕೆಂದು ನಾನು ಆಗಲೇ ಬಾಯಿ ತೆರೆದಿದ್ದೆ. ಅಯ್ಯೋ, ಇದು ಅಂಗಡಿಯ ಹಳೇ ಮಿಷನ್ ಅಲ್ಲ, ಈ ಹುಡುಗಿಯದು.

"ನಿನಗ ಪೇಟಿ ಕಲೀಬೇಕಂತ ಐತೇನು?" ಎಂದೆ.

"ನನ್ನ ಯಾರು ಕೇಳ್ಯಾರ್ರಿ?" ಅಂದಳು.

ನಾನು ತಾಯಿಯ ಕಡೆ ತಿರುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನನ್ನೂ ಇದೇ ಪೇಟಿಯ ಮುಂದೆ ಕೂರಿಸಿ ಮೆಚ್ಚಿದ್ದರು, ಮೇಲೆ ಸವತಿ ತಂದರು, ಈಗ ತವರಿನಲ್ಲಿದ್ದೇನೆ, ಇದರ ಕಾಲ್ಗುಣ ಎಲ್ಲ ಬರೀ ಬಾಯಿಮಾತು ಎಂದೆ. ಮಾವ ನನ್ನ ಸೆರಗು ಜಗ್ಗುತ್ತಿದ್ದ. ದರ್ಜಿಯ ಮುಖ ಸಣ್ಣದಾಯಿತು. ಅವನ ಹೆಂಡತಿ ಮಾತ್ರ ಸಮಾಧಾನದಿಂದ ಕೇಳಿದಳು: "ನೋಡಾಕ ಬಂದಾವ್ರು ಒಪ್ಪಿದ್ರೋ ಇಲ್ಲೋ?"

"ಒಪ್ಪಿದ್ರು."

"ಅಷ್ಟ ಸಾಕವಾ ನಮಗ. ಮುಂದಿಂದು ಆಕಿ ಹಣೇಬಾರ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಅದಕ್ಕೇ ನನ್ನ ಮೈ ಉರಿಯಿತು. ನನ್ನ ಅವ್ವನೂ ನನ್ನನ್ನು ಕೂರಿಸಿದ ದಿನ ಇದನ್ನೇ ಅಂದುಕೊಂಡಿರಬೇಕು. ನಾನು ಗೋಣಿತಟ್ಟು ಎಳೆದು ಪೇಟಿಗೆ ಸುತ್ತಿದೆ. "ಮಿಷನ್ ನಾ ಒಯ್ಯಂಗಿಲ್ರಿ. ಅದು ನಿಮ್ಮ ಮಗಳ ಕೈ. ಕೈ ಕಡದ ಕೊಟ್ಟು ಹಾಡು ಕೊಡಸ್ತೀರೇನು?" ಅಂದೆ. ನಾವು ಕಟ್ಟೆ ಇಳಿಯುವಷ್ಟರಲ್ಲಿ ಒಳಗೆ ಮಿಷನ್ ತಿರುಗತೊಡಗಿತ್ತು.

ಮಾವ ದಾರಿಯುದ್ದಕ್ಕೂ ಬೈದ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರ. ನಿಂದು ಬಾಯಿಗೆ ಬಂದಿತ್ತು, ಉಗುಳಿದಿ. ಇನ್ನ ನಾ ಏನೂ ಕೇಳಂಗಿಲ್ಲ." ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಊರು ಹತ್ತಿರ ಬಂದಂತೆ ನನ್ನ ಸಿಟ್ಟು ಇಳಿದು ಭಯ ಏರಿತು. ಎಂಥ ದೊಡ್ಡಸ್ತಿಕೆ ತೋರಿಸಿ ಬಂದೆ! ಹೊಟ್ಟೆಗೆ ಏನು ಹಾಕಿಕೊಳ್ಳಲಿ? ಆ ಹುಡುಗಿ ನನಗೆ ಏನಾಗಬೇಕು?

ಬಾಗಿಲಲ್ಲಿ ಅವ್ವ ನಿಂತಿದ್ದಳು. ಮಾವನ ಹೆಗಲ ಮೇಲೆ ಪೇಟಿ ತಿರುಗಿ ಬಂದದ್ದು ನೋಡಿ ಅವಳ ಮುಖ ಅರಳಿದ ರೀತಿ ನಾನು ಮರೆಯಲಾರೆ. "ದೇವ್ರು ನಿನಗ ಬುದ್ಧಿ ಕೊಟ್ಟಾನ ಯವ್ವಾ. ಅಮಾಸಿ ಆದ ಕೂಡ್ಲೆ ಗಾಡಿ ಬರ್ತೈತಿ" ಎಂದು ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ನನಗೆ ಅಲ್ಲ ಅನ್ನುವ ಧೈರ್ಯ ಬರಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಮಾವ ಪೇಟಿ ಇಳಿಸಿ ಹೋದ.

ಆ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಯೋಚನೆ. ಓಣಿಯವರು ಪೇಟಿ ಒಯ್ಯುತ್ತಿದ್ದರು, ನನ್ನನ್ನು ಕರೆಯುತ್ತಿದ್ದರು, ಹುಡುಗಿಯರು ಹಾಡು ಕಲಿತು ಮದುವೆಯಾಗಿ ಹೋಗುತ್ತಿದ್ದರು. ಕೊನೆಗೆ ಕಾಲ್ಗುಣ ಪೇಟಿಯದು. ಕಲಿಸಿದವಳು ನಾನು ಎಂಬುದು ಯಾರಿಗೂ ನೆನಪಿಲ್ಲ. ನನಗೂ ನೆನಪಿರಲಿಲ್ಲ! ಹೊಲಿಗೆ ಆ ಹುಡುಗಿಯ ಕೈಕೆಲಸವಾದರೆ ನನ್ನ ಕೈಕೆಲಸ ಯಾವುದು?

ಅಮಾವಾಸ್ಯೆ ಕಳೆದು ಗಾಡಿ ಬಂತು. ಅತ್ತೆಯ ಜೊತೆ ನಾದಿನಿಯೂ ಇದ್ದಳು. ನಾನು ಮದುವೆಯಾಗಿ ಹೋದಾಗ ಅವಳು ಸಣ್ಣ ಹುಡುಗಿ. ದಿನಾ ನಾನೇ ಜಡೆ ಹೆಣೆಯುತ್ತಿದ್ದೆ. ಈಗ ಸೀರೆ ಉಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಅವ್ವ ನನ್ನ ಸೀರೆಗಳನ್ನು ಗಂಟು ಕಟ್ಟಿ ಪೇಟಿಯ ಪಕ್ಕಕ್ಕೆ ಇಟ್ಟಿದ್ದಳು.

"ಪೇಟಿ ಗಾಡ್ಯಾಗ ಇಡ್ರಿ" ಎಂದಳು ಅತ್ತೆ.

"ಪೇಟಿ ಎಲ್ಲಿಗೂ ಹೋಗಂಗಿಲ್ರಿ, ನಾನೂ ಬರಂಗಿಲ್ಲ" ಎಂದೆ. ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದೆ. "ಹುಡುಗಿ ಕಲೀಬೇಕಂದ್ರ ಇಲ್ಲೇ ಇದ್ದು ಕಲೀಲಿ. ಬರೇ ಒಂದು ಹಾಡಲ್ಲ, ಖರೇನ ಕಲಸ್ತೇನಿ. ಆಕಿ ಊಟದ್ದು ಮತ್ತ ಕಲಸಿದ್ದಕ್ಕ ಜ್ವಾಳಾ ಕಳಸ್ರಿ. ಇನ್ನ ಮ್ಯಾಲೆ ಈ ಓಣ್ಯಾಗಿನ ಹುಡುಗ್ಯಾರಿಗೂ ಅದ ಮಾತು."

"ಬೀಗತೇರ! ಕೇಳಿದ್ರೇನು? ನಿಮ್ಮ ಮಗಳು ನಮ್ಮ ಕಡೆ ಜ್ವಾಳಾ ಬೇಡಾಕತ್ತಾಳ!"

"ಬೇಡಾಕತ್ತಿಲ್ರಿ, ಕೇಳಾಕತ್ತೇನಿ" ಎಂದೆ.

ಅತ್ತೆ ಅವ್ವನನ್ನು ನೋಡಿದಳು. ನಾನೂ ನೋಡಿದೆ. ಅವ್ವ ಆ ಗಂಟನ್ನು ನೋಡುತ್ತಿದ್ದಳು. ಹೋಗು ಎಂದು ಒಂದು ಮಾತು ಅಂದಿದ್ದರೆ ನಾನು ಅಲ್ಲಿಯೇ ಕರಗಿ ಗಾಡಿ ಹತ್ತುತ್ತಿದ್ದೆನೋ ಏನೋ. ಅವಳು ಹಿಟ್ಟು ನಾದುವುದಿದೆ ಎಂದು ಒಳಗೆ ಹೋದಳು. ಅತ್ತೆ ಎಷ್ಟೋ ಹೊತ್ತು ಗೊಣಗಿದಳು. ಆದರೆ ಹುಡುಗಿಯನ್ನು ನೋಡಲು ಇನ್ನೊಂದು ಕಡೆಯವರು ಬರುವ ದಿನ ಹತ್ತಿರವಿತ್ತು, ಹಿಂದಿನವರು ಎದ್ದು ಹೋದ ಅವಮಾನ ಹಸಿಯಾಗಿತ್ತು. ಮಗಳನ್ನು ಬಿಟ್ಟು ಗಾಡಿ ಹತ್ತಿದಳು.

ನಾನು ಪೇಟಿಯ ಅರಿವೆ ತೆಗೆದು, ಬೀದಿ ಬಾಗಿಲನ್ನು ಹಾಗೇ ತೆರೆದಿಟ್ಟು, ತಿದಿ ಎಳೆದೆ. ಹುಡುಗಿ ಎದುರಿಗೆ ಕೂತಳು. ಅವಳ ಬೆರಳು ತಣ್ಣಗಿದ್ದವು. "ವೈನೀ, ಯಾವುದರಿಂದ ಹಿಡೀಲಿ?" ಎಂದಳು.

ಅಣ್ಣನ ಹೆಂಡತಿಯನ್ನು ಕರೆಯುವ ಆ ಹೆಸರಿಗೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಅವಳು ಕಿವಿಗೊಟ್ಟು ಕೂತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅವಳಿಗೆ ಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿ ಇನ್ನೂ ಉಳಿದಿತ್ತು. ಸುಮ್ಮನಿದ್ದರೆ ಉಳಿಯುತ್ತಿತ್ತು ಕೂಡ.

"ವೈನಿ ಅನಬ್ಯಾಡವಾ. ನಿಮ್ಮ ವೈನಿ ನಿಮ್ಮ ಮನ್ಯಾಗ ಅದಾಳ" ಎಂದೆ. "ನನಗ ಅಕ್ಕಾ ಅನ್ನು."

ಹುಡುಗಿ ನನ್ನ ಮುಖ ನೋಡಿ, ಕಣ್ಣು ತುಂಬಿಕೊಂಡು, "ಹೂಂ ಅಕ್ಕಾ" ಎಂದಳು. ಒಳಗಿನಿಂದ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಆಮೇಲೆ ಅವ್ವ ಮುಂದಿನ ರೊಟ್ಟಿ ಬಡಿಯತೊಡಗಿದಳು.